ನಿಧಿ, ಬಲಿ, ಗೂಬೆ: ನಮ್ಮ ವಾಮಾಚಾರದ ಸಿನಿಮಾ ಸೆನ್ಸಾರ್ ದಾಟಿದ ಬಗೆ

ಕಳೆದ ತಿಂಗಳು ನಮ್ಮ ಚಿತ್ರಕ್ಕೆ ಸೆನ್ಸಾರ್ ಮಂಡಳಿಯ ಯುಎ 16+ ಪ್ರಮಾಣಪತ್ರ ಸಿಕ್ಕಿತು. ಅಂದಿನಿಂದ ಬರುತ್ತಿರುವ ಕರೆಗಳಲ್ಲಿ ಅಭಿನಂದನೆಗಿಂತ ವಿಚಾರಣೆಯೇ ಹೆಚ್ಚು. ಮಾಟ, ದೆವ್ವ, ನಿಧಿ ಎಂದು ಕಥೆ ಬರೆದಿಟ್ಟುಕೊಂಡು ಕುಳಿತವರು ಈ ನಾಡಿನಲ್ಲಿ ಎಷ್ಟು ಮಂದಿ ಇದ್ದಾರೆ ಎಂಬುದು ನನಗೆ ಈಗ ಗೊತ್ತಾಗುತ್ತಿದೆ. ಎಲ್ಲರೂ ಕೇಳುವುದು ಒಂದೇ: ಸೆನ್ಸಾರ್‌ನವರು ಏನೇನು ಕತ್ತರಿಸುತ್ತಾರೆ? ಕತ್ತರಿಯ ಮಾತು ಕೊನೆಯದು. ಅದಕ್ಕೂ ಬಹಳ ಮೊದಲು, ಕ್ಯಾಮೆರಾ ಬಾಡಿಗೆಗೆ ತರುವುದಕ್ಕೂ ಮುಂಚೆ, ಕೈಯಲ್ಲಿರಬೇಕಾದ ಕಾಗದಗಳಿವೆ. ದೆವ್ವದ ಸಿನಿಮಾ ಮಾಡುವವನು ಮೊದಲು ಹೆದರಬೇಕಾದದ್ದು ಅವುಗಳಿಗೆ.

ಚಿತ್ರದ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಪ್ರಚಾರ ಎನಿಸೀತು. ಕಥೆ ಇಷ್ಟು: ಸಾಲದಲ್ಲಿ ಮುಳುಗಿದ ಗ್ರಾನೈಟ್ ಕ್ವಾರಿ ಮಾಲೀಕನೊಬ್ಬನಿಗೆ ತನ್ನ ಗುಡ್ಡದ ಕೆಳಗೆ ವಿಜಯನಗರದ ಕಾಲದ ನಿಧಿ ಇದೆ ಎಂಬ ಹುಚ್ಚು ಹತ್ತುತ್ತದೆ. ಮಂತ್ರವಾದಿಯೊಬ್ಬ ಬಂದು ಅಂಜನ ಹಾಕಿ ನೋಡುತ್ತಾನೆ. ಕಾಲು ಮುಂದಾಗಿ ಹುಟ್ಟಿದ ಮಗುವಿನ ಕಣ್ಣಿಗೆ ಮಾತ್ರ ನಿಧಿ ಕಾಣುತ್ತದೆ ಎನ್ನುತ್ತಾನೆ. ಮಾಲೀಕನ ತಂಗಿಯ ಮಗಳು ಹಾಗೆ ಹುಟ್ಟಿದವಳು. ಮುಂದಿನದನ್ನು ನೀವೇ ಊಹಿಸಬಹುದು.

ನಾನು ಗಂಗಾವತಿಯ ಕಡೆಯವನು. ನಮ್ಮಲ್ಲಿ ಇಂಥ ಕಥೆಯನ್ನು ಕಲ್ಪಿಸಿಕೊಳ್ಳುವ ಅಗತ್ಯವಿಲ್ಲ. 2019ರ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ಯತಿ ವ್ಯಾಸರಾಜರ ಸಮಾಧಿಯಾದ ಬೃಂದಾವನವನ್ನೇ ನಿಧಿಯಾಸೆಗೆ ಕೆಡವಿದ್ದರು. ಮರುದಿನ ಊರಿಗೆ ಊರೇ ನದಿ ದಾಟಿ ಹೋಗಿ ಅಳುತ್ತಿತ್ತು. ನನಗೆ ಕಥೆ ಹುಟ್ಟಿದ್ದು ಅಲ್ಲಿ. ಹಣ ಹಾಕಿದವರು ನನ್ನ ಸೋದರಮಾವ. ಅವರದು ಅಕ್ಕಿ ಗಿರಣಿ. ಕಥೆ ಪೂರ್ತಿ ಕೇಳಿ, ಕನ್ನಡಕ ತೆಗೆದಿಟ್ಟು, "ನಿಧಿ ಸಿಗುತ್ತದೆ ಎಂದು ಈಗ ನೀನು ನನ್ನನ್ನು ನಂಬಿಸುತ್ತಿದ್ದೀಯಲ್ಲ, ಅಳಿಯಾ" ಎಂದರು. ಆಮೇಲೆ ಚೆಕ್ ಪುಸ್ತಕ ತಂದರು.

ಚಿತ್ರಕಥೆಯ ಮೊದಲ ಪ್ರತಿಯನ್ನು ಪರಿಚಯದ ವಕೀಲರೊಬ್ಬರಿಗೆ ಕೊಟ್ಟೆವು. ಈ ಖರ್ಚನ್ನು ಉಳಿಸಲು ಹೋಗಬೇಡಿ. ನಮ್ಮ ರಾಜ್ಯದಲ್ಲಿ ಅಮಾನವೀಯ ದುಷ್ಟ ಪದ್ಧತಿಗಳು ಹಾಗೂ ವಾಮಾಚಾರವನ್ನು ತಡೆಯುವ 2017ರ ಕಾಯ್ದೆ ಇದೆ, 2020ರ ಜನವರಿಯಿಂದ ಜಾರಿಯಲ್ಲಿದೆ. ನಿಧಿಗಾಗಿ ನಡೆಸುವ ವಾಮಾಚಾರ ಅದರ ಪಟ್ಟಿಯಲ್ಲೇ ಇದೆ. ಶಿಕ್ಷೆ ಒಂದರಿಂದ ಏಳು ವರ್ಷದ ಜೈಲು, 5,000ದಿಂದ 50,000 ರೂಪಾಯಿವರೆಗೆ ದಂಡ. ಸಿನಿಮಾದಲ್ಲಿ ತೋರಿಸುವುದಕ್ಕೆ ಅಡ್ಡಿಯಿಲ್ಲ, ಆದರೆ ಆಚರಣೆ ಫಲ ಕೊಟ್ಟಿತು ಎಂದು ತೋರಿಸಿದರೆ ಅದನ್ನು ಪ್ರಚಾರವೆಂದು ಓದುವವರು ಇರುತ್ತಾರೆ ಎಂದು ವಕೀಲರು ಹೇಳಿದರು.

ಇಲ್ಲಿ ನಮ್ಮ ಕಥೆಯ ಬುಡವೇ ಅಲುಗಾಡಿತು. ಮೊದಲ ಪ್ರತಿಯಲ್ಲಿ ಬಲಿಯಾಗುತ್ತದೆ, ನೆಲ ಬಿರಿಯುತ್ತದೆ, ಹೊನ್ನು ಹೊಳೆಯುತ್ತದೆ. ಅತಿಮಾನುಷ ಕಥೆಯಲ್ಲಿ ಅತಿಮಾನುಷವಾದದ್ದು ಏನೂ ನಡೆಯದಿದ್ದರೆ ಪ್ರೇಕ್ಷಕ ಟಿಕೆಟ್ ಹಣ ವಾಪಸ್ ಕೇಳುತ್ತಾನೆ. ಹಾಗೆಂದು ಮಂತ್ರವಾದಿಯ ಮಂತ್ರಕ್ಕೆ ಶಕ್ತಿ ಇದೆ ಎಂದು ತೋರಿಸುವುದು ನನಗೇ ಬೇಡವಾಗಿತ್ತು. ಹಲವು ರಾತ್ರಿ ಕುಳಿತು ಕೊನೆಗೆ ಕಂಡುಕೊಂಡ ದಾರಿ ಇದು: ದೆವ್ವ ನಿಜ, ಮಂತ್ರವಾದಿ ಸುಳ್ಳು. ಒಂದು ತಲೆಮಾರಿನ ಹಿಂದೆ ಅದೇ ಗುಡ್ಡದಲ್ಲಿ ಬಲಿಯಾದ ಮಗುವೊಂದು ಎದ್ದು ಬರುತ್ತದೆ. ಅದನ್ನು ಕಂಡು ಎಲ್ಲರಿಗಿಂತ ಮೊದಲು ಓಡುವವನು ಮಂತ್ರವಾದಿಯೇ. ಕಾಯ್ದೆಗಾಗಿ ಮಾಡಿದ ಬದಲಾವಣೆ ಚಿತ್ರದ ಅತ್ಯುತ್ತಮ ದೃಶ್ಯವನ್ನು ಕೊಟ್ಟಿತು ಎಂದು ಈಗ ಎಲ್ಲರೂ ಹೇಳುತ್ತಾರೆ. ನಾನು ಅದನ್ನು ನನ್ನ ಪ್ರತಿಭೆಯ ಲೆಕ್ಕಕ್ಕೆ ಬರೆದುಕೊಂಡಿದ್ದೇನೆ.

ಶೀರ್ಷಿಕೆಯ ನೋಂದಣಿ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ. ಅದಕ್ಕೆ ಮೊದಲು ಬ್ಯಾನರ್ (ನಿರ್ಮಾಣ ಸಂಸ್ಥೆಯ ಹೆಸರು) ನೋಂದಣಿ, ನಿರ್ಮಾಪಕರ ಸದಸ್ಯತ್ವ. ನಮ್ಮ ಮೊದಲ ಹೆಸರಿನಲ್ಲಿ ಒಬ್ಬ ಗ್ರಾಮದೇವತೆಯ ಹೆಸರು ಸೇರಿತ್ತು. ವಾಮಾಚಾರದ ಚಿತ್ರಕ್ಕೆ ಅದು ಬೇಡ ಎಂದು ಅನುಭವಿಗಳು ಹೇಳಿದರು, ಬಿಟ್ಟೆವು. ಎರಡನೆಯದು ಆಗಲೇ ಬೇರೊಬ್ಬರ ಹೆಸರಿನಲ್ಲಿತ್ತು. ಮೂರು ನಾಲ್ಕು ಹೆಸರು ಬರೆದಿಟ್ಟುಕೊಂಡು ಹೋಗಿ, ಪೋಸ್ಟರ್ ಮಾಡಿಸಿಕೊಂಡು ಹೋಗಬೇಡಿ.

ಚಿತ್ರದಲ್ಲಿ ಮಗು ಇದ್ದರೆ ಈ ಭಾಗವನ್ನು ನಿಧಾನವಾಗಿ ಓದಿ. ಬಾಲಕಾರ್ಮಿಕ ತಡೆ ಕಾನೂನಿನ 2017ರ ತಿದ್ದುಪಡಿ ನಿಯಮಗಳ ಪ್ರಕಾರ, ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾಧಿಕಾರಿಯ ಅನುಮತಿ ಬೇಕು. ಮುಚ್ಚಳಿಕೆ, ಮಕ್ಕಳ ಪಟ್ಟಿ, ಪೋಷಕರ ಒಪ್ಪಿಗೆ, ಸೆಟ್‌ನಲ್ಲಿ ಮಗುವಿನ ಹೊಣೆ ಹೊತ್ತವರ ಹೆಸರು, ಎಲ್ಲವೂ ಅರ್ಜಿಯ ಜೊತೆಗಿರಬೇಕು. ಮಗು ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ, ವಿರಾಮವಿಲ್ಲದೆ ಮೂರು ಗಂಟೆ ದಾಟುವಂತಿಲ್ಲ. ಸತತ 27 ದಿನಕ್ಕಿಂತ ಹೆಚ್ಚು ದುಡಿಸುವಂತಿಲ್ಲ. ಸಂಭಾವನೆಯಲ್ಲಿ ಕನಿಷ್ಠ ಶೇ 20ರಷ್ಟನ್ನು ಮಗುವಿನ ಹೆಸರಿನಲ್ಲಿ ಠೇವಣಿ ಇಡಬೇಕು. ಠೇವಣಿಯ ರಸೀದಿಯನ್ನು ಜೋಪಾನ ಮಾಡಿ.

ನಮ್ಮ ಚಿತ್ರದ ಅರ್ಧ ಭಾಗ ಅಮಾವಾಸ್ಯೆಯ ರಾತ್ರಿ ನಡೆಯುತ್ತದೆ. ಹುಡುಗಿಯನ್ನು ರಾತ್ರಿ ಎಚ್ಚರವಿರಿಸಲು ನನಗೆ ಮನಸ್ಸಿರಲಿಲ್ಲ. ಹಳೆಯ ಗೋದಾಮಿನ ಕಿಟಕಿ ಬಾಗಿಲುಗಳಿಗೆ ಕಪ್ಪು ಬಟ್ಟೆ ಹೊಡೆದು, ಒಳಗೆ ಗುಡಿಯ ಸೆಟ್ ಹಾಕಿ, ಹಾಡಹಗಲಲ್ಲೇ ಅಮಾವಾಸ್ಯೆ ಮಾಡಿದೆವು. ಬಲಿಯ ದೃಶ್ಯದ ಅರ್ಥ ಅವಳಿಗೆ ಗೊತ್ತಾಗದಂತೆ ತುಣುಕು ತುಣುಕಾಗಿ ಚಿತ್ರಿಸಿದೆವು. ಅವಳ ಪಾಲಿಗೆ ಅದು ಕಣ್ಣುಮುಚ್ಚಾಲೆ ಆಟ. ಕತ್ತಿ ಹಿಡಿದ ನಟರು ಅವಳ ಮುಂದೆ ಒಮ್ಮೆಯೂ ಕತ್ತಿ ಹಿಡಿದು ನಿಲ್ಲಲಿಲ್ಲ. ಇದಕ್ಕೆ ಖರ್ಚು ಹೆಚ್ಚಾಯಿತು, ಆದರೆ ಮುಂದೆ ಒಂದು ಪ್ರಶ್ನೆಗೆ ತಲೆಯೆತ್ತಿ ಉತ್ತರ ಹೇಳುವುದಕ್ಕೆ ಅದೇ ನೆರವಾಯಿತು.

ಸೆಟ್ ಹಾಕಬೇಕಾದದ್ದಕ್ಕೂ ಕಾರಣವಿದೆ. ಹಂಪಿಯ ಸುತ್ತಮುತ್ತ ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳಲ್ಲಿ ಚಿತ್ರೀಕರಣಕ್ಕೆ ಪ್ರತ್ಯೇಕ ಪರವಾನಗಿ ಬೇಕು. ಅದು ಬೇಡವೆಂದು ಇಲಾಖೆಗೆ ಸೇರದ ಪಾಳು ಗುಡಿಯೊಂದನ್ನು ಹುಡುಕಿದೆವು. ಊರ ಹಿರಿಯರು ಒಪ್ಪಿದ್ದರು. ಅಲ್ಲಿನ ಪೂಜಾರಿ ಅಜ್ಜ ಮಾತ್ರ ನಮ್ಮನ್ನು ಕೂರಿಸಿ, ಮಜ್ಜಿಗೆ ಕೊಟ್ಟು, "ನೀವು ನಾಟಕಕ್ಕೆ ಗುಂಡಿ ತೋಡುತ್ತೀರಿ. ನೀವು ಹೋದ ಮೇಲೆ ನಿಜವಾಗಿ ತೋಡುವವರು ಬರುತ್ತಾರೆ" ಎಂದರು. ಅದಕ್ಕೆ ನನ್ನಲ್ಲಿ ಎದುರುತ್ತರ ಇರಲಿಲ್ಲ. ನಿಧಿಯ ಸಿನಿಮಾಕ್ಕೆ ನಿಜವಾದ ಗುಡಿ ಬೇಡ, ಆ ಗುಡಿಯ ಹೆಸರೂ ಬೇಡ. ಇದು ಯಾವ ನಿಯಮದಲ್ಲೂ ಇಲ್ಲ, ಅಜ್ಜ ಹೇಳಿದ್ದು.

ಇನ್ನು ಪ್ರಾಣಿಗಳು. ನಮ್ಮನ್ನು ಸುಸ್ತು ಮಾಡಿದ್ದು ಇದೇ.

ವಾಮಾಚಾರದ ಕಥೆ ಎಂದರೆ ಕೋಳಿ, ಕಾಗೆ, ಗೂಬೆ, ಹಾವು ಇರಲೇಬೇಕು ಎಂದು ಎಲ್ಲರ ತಲೆಯಲ್ಲಿ ಕುಳಿತಿದೆ. ನನ್ನ ಚಿತ್ರಕಥೆಯಲ್ಲೂ ನಾಲ್ಕೂ ಇದ್ದವು. ಚಿತ್ರದಲ್ಲಿ ಪ್ರಾಣಿಯನ್ನು ಬಳಸುವುದಾದರೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯಿಂದ ಚಿತ್ರೀಕರಣಕ್ಕೆ ಮೊದಲೇ ಅನುಮತಿ ಪಡೆಯಬೇಕು. ಪ್ರದರ್ಶಕ ಪ್ರಾಣಿಗಳ ನೋಂದಣಿಗೆ 2001ರ ನಿಯಮಗಳಿವೆ. ಯಾವ ಪ್ರಾಣಿ, ಯಾರದು, ಯಾವ ದೃಶ್ಯದಲ್ಲಿ ಏನು ಮಾಡುತ್ತದೆ, ಪಶುವೈದ್ಯರ ಪ್ರಮಾಣಪತ್ರ, ಇಷ್ಟೂ ಬೇಕು. ಚಿತ್ರ ಮುಗಿದ ಮೇಲೆ ಮತ್ತೊಮ್ಮೆ ಅವರಿಂದ ನಿರಾಕ್ಷೇಪಣಾ ಪತ್ರ ಬರಬೇಕು. ಅದಿಲ್ಲದೆ ಸೆನ್ಸಾರ್ ಅರ್ಜಿ ಮುಂದೆ ಹೋಗುವುದಿಲ್ಲ. ಮಂಡಳಿ ಹಿಂದೆ ಚೆನ್ನೈನಲ್ಲಿತ್ತು, 2018ರಲ್ಲಿ ಹರಿಯಾಣದ ಬಲ್ಲಭಗಢಕ್ಕೆ ಹೋಯಿತು. ಗಾಂಧಿನಗರದಲ್ಲಿ ಇನ್ನೂ ಚೆನ್ನೈಗೆ ಹೋಗಿ ಬನ್ನಿ ಎಂದು ಸಲಹೆ ಕೊಡುವವರು ಸಿಗುತ್ತಾರೆ, ಕೇಳಬೇಡಿ.

ಹಾವು ಮತ್ತು ಗೂಬೆಯ ಮಾತು ಬೇರೆಯೇ. ಅವು ಕಾಡುಜೀವಿಗಳು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ನಮ್ಮ ಕಥೆಯಲ್ಲಿ ಎರಡು ತಲೆ ಹಾವು ಬರುತ್ತದೆ. ಮನೆಯಲ್ಲಿಟ್ಟುಕೊಂಡರೆ ಸಂಪತ್ತು ಬರುತ್ತದೆ ಎಂಬ ಮೂಢನಂಬಿಕೆಯಿಂದ ಜನ ಆ ಬಡಪಾಯಿಯನ್ನು ಹಿಡಿದು ಮಾರುತ್ತಾರೆ. ಅದಕ್ಕೆ ಇರುವುದು ಒಂದೇ ತಲೆ, ಬಾಲ ಮೊಂಡಾಗಿರುವುದರಿಂದ ಹಾಗೆ ಕಾಣುತ್ತದೆ ಅಷ್ಟೇ. "ನಮ್ಮ ಹತ್ತಿರ ಒಂದು ಇದೆ, ಎರಡು ದಿನಕ್ಕೆ ಕೊಡುತ್ತೇನೆ" ಎಂದು ಫೋನ್ ಮಾಡಿದ ಪುಣ್ಯಾತ್ಮನೂ ಇದ್ದ. ಅಂಥ ಕರೆ ಬಂದರೆ ತಕ್ಷಣ ಕೆಳಗಿಡಿ. ಹಾವನ್ನು ರಬ್ಬರಿನಲ್ಲಿ ಮಾಡಿಸಿದೆವು, ಗೂಬೆಯನ್ನು ಗ್ರಾಫಿಕ್ಸ್‌ನಲ್ಲಿ. ಕೋಳಿಯನ್ನು ತೋರಿಸುವುದನ್ನೇ ಬಿಟ್ಟು ಅದರ ಕೂಗನ್ನು ಮಾತ್ರ ಉಳಿಸಿಕೊಂಡೆವು. ಕಾಗೆಯ ದೃಶ್ಯಕ್ಕೆ ಆಕಾಶವೊಂದೇ ಸಾಕಾಯಿತು.

ಗ್ರಾಫಿಕ್ಸ್ ಮಾಡಿದರೆ ಕಾಗದ ತಪ್ಪಿತು ಎಂದುಕೊಳ್ಳಬೇಡಿ. ಗೂಬೆ ಗ್ರಾಫಿಕ್ಸ್‌ನದೇ ಎಂದು ತೋರಿಸಬೇಕು. ಖಾಲಿ ಕೊಂಬೆಯ ಮೂಲ ದೃಶ್ಯ, ಬೂದು ಬಣ್ಣದ ಮಾದರಿ, ಗರಿ ಹಾಕಿದ ಹಂತ, ಅಂತಿಮ ರೂಪ, ಹೀಗೆ ಒಂದೊಂದು ಶಾಟ್‌ಗೂ ತಯಾರಿಯ ವಿಡಿಯೊ ಕೊಟ್ಟೆವು. ಗ್ರಾಫಿಕ್ಸ್ ಹುಡುಗರಿಗೆ ಮೊದಲ ದಿನವೇ ಹೇಳಿಡಿ, ಕೆಲಸ ಮುಗಿದ ಮೇಲೆ ಅವರು ಹಳೆಯ ಕಡತಗಳನ್ನು ಅಳಿಸಿಬಿಡುತ್ತಾರೆ. ಹಿನ್ನೆಲೆಯಲ್ಲಿ ಸುಮ್ಮನೆ ಹಾದು ಹೋಗುವ ಪ್ರಾಣಿಗಳ ಮೇಲೂ ಕಣ್ಣಿರಲಿ. ನಾಯಕ ಬೈಕಿನಲ್ಲಿ ಊರಿಗೆ ಬರುವ ನಮ್ಮ ಒಂದು ಒಳ್ಳೆಯ ಶಾಟ್‌ನಲ್ಲಿ ಕುರಿಮಂದೆ ರಸ್ತೆ ದಾಟುತ್ತದೆ. ನಾವು ಕರೆಸಿದ್ದಲ್ಲ, ಅವು ತಾವಾಗಿ ಬಂದವು. ಆ ಕುರಿಗಳ ಒಡೆಯ ಯಾರು, ವೈದ್ಯರ ಪತ್ರ ಎಲ್ಲಿ ಎಂದು ಹುಡುಕುವುದಕ್ಕಿಂತ ಶಾಟ್ ತೆಗೆಯುವುದೇ ಸುಲಭ ಎನಿಸಿತು. ಛಾಯಾಗ್ರಾಹಕರು ಆ ವಿಷಯದಲ್ಲಿ ಇನ್ನೂ ನನ್ನ ಮೇಲೆ ಮುನಿಸಿಕೊಂಡಿದ್ದಾರೆ.

ದುಡ್ಡಿನ ಮೋಹದ ಕಥೆಯಾದ್ದರಿಂದ ನೋಟಿನ ರಾಶಿ ಬೇಕಾಗಿತ್ತು. ಅಸಲಿ ನೋಟನ್ನು ಹೋಲುವ ಕಾಗದ ಮುದ್ರಿಸುವುದು ಹಿಂದೆಯೂ ಅಪರಾಧ, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅಪರಾಧ. ಮೇಲೊಂದು ಕೆಳಗೊಂದು ಅಸಲಿ ನೋಟಿಟ್ಟು ನಡುವೆ ಬಿಳಿ ಕಾಗದದ ಕಟ್ಟುಗಳನ್ನು ಮಾಡಿದೆವು. ಆ ಪೆಟ್ಟಿಗೆ ಕಾರಿನಲ್ಲಿರುವಾಗ ರಾತ್ರಿ ತಪಾಸಣೆಗೆ ಸಿಕ್ಕಿತು. ಪೊಲೀಸರು ಒಂದು ಕಟ್ಟು ಬಿಚ್ಚಿ ನೋಡಿ, ಮಾವನ ಮುಖ ನೋಡಿ ನಕ್ಕರು. ಚಿತ್ರೀಕರಣದ ಅನುಮತಿ ಪತ್ರದ ಒಂದು ಪ್ರತಿ ಪ್ರತಿಯೊಂದು ವಾಹನದಲ್ಲೂ ಇರಲಿ.

ಚಿತ್ರೀಕರಣ ಮುಗಿದು ಕುಂಬಳಕಾಯಿ ಒಡೆದ ಮೇಲೆ ಸಂಕಲನ, ಡಬ್ಬಿಂಗ್, ಬಣ್ಣ, ಧ್ವನಿ ಎಲ್ಲ ಎಲ್ಲರಿಗೂ ಆಗುವಂತೆ ಆಯಿತು. ತಂಬಾಕಿನ ವಿಷಯ ಮಾತ್ರ ಹೇಳಬೇಕು. ಚಿತ್ರದಲ್ಲಿ ಯಾರಾದರೂ ಬೀಡಿ ಸೇದಿದರೂ ಆರಂಭದಲ್ಲಿ ಮತ್ತು ಮಧ್ಯದಲ್ಲಿ 30 ಸೆಕೆಂಡಿನ ಎಚ್ಚರಿಕೆಯ ತುಣುಕು, 20 ಸೆಕೆಂಡಿನ ಘೋಷಣೆ ಬರಬೇಕು, ಸೇದುವಷ್ಟು ಹೊತ್ತೂ ತೆರೆಯ ಕೆಳಗೆ ಎಚ್ಚರಿಕೆಯ ಸಾಲು ಇರಬೇಕು. ನಮ್ಮ ಮಂತ್ರವಾದಿ ಸದಾ ಚುಟ್ಟಾ ಸೇದುವವನು. ಮೊದಲ ಬಾರಿಗೆ ಎಲ್ಲ ಸೇರಿಸಿ ನೋಡಿದಾಗ, ಕತ್ತಲಲ್ಲಿ ಗೂಬೆ ತಲೆ ತಿರುಗಿಸುವ ಭಯಾನಕ ಕ್ಷಣದಲ್ಲಿ ಒಂದು ಮೂಲೆಯಲ್ಲಿ "ಗ್ರಾಫಿಕ್ಸ್" ಎಂದೂ ಇನ್ನೊಂದು ಕಡೆ "ತಂಬಾಕು ಸೇವನೆ ಆರೋಗ್ಯಕ್ಕೆ ಹಾನಿಕರ" ಎಂದೂ ಕಾಣಿಸಿತು. ಸಂಕಲನಕಾರರು ಬಿದ್ದು ಬಿದ್ದು ನಕ್ಕರು. ಹೆದರಿಸುವ ದೃಶ್ಯಗಳಿಂದ ಚುಟ್ಟಾ ತೆಗೆಸಿದೆ. ಬರೆಯುವಾಗಲೇ ಈ ಲೆಕ್ಕ ಇಟ್ಟುಕೊಳ್ಳುವುದು ಒಳ್ಳೆಯದು.

ಸೆನ್ಸಾರ್ ಅರ್ಜಿ ಈಗ ಪೂರ್ತಿ ಆನ್‌ಲೈನ್. ಇ-ಸಿನೆಪ್ರಮಾಣ್ ಎಂಬ ತಾಣದಲ್ಲಿ ಖಾತೆ ತೆರೆದು ಸಂಪೂರ್ಣ ಸಂಭಾಷಣೆ, ಕಥಾಸಾರಾಂಶ, ಹಾಡುಗಳ ಸಾಹಿತ್ಯ, ಕಲಾವಿದರು ಮತ್ತು ತಂತ್ರಜ್ಞರ ಪಟ್ಟಿ, ಶೀರ್ಷಿಕೆಯ ಪತ್ರ, ಪ್ರಾಣಿ ಮಂಡಳಿಯ ಪತ್ರ ಎಲ್ಲವನ್ನೂ ಹಾಕಬೇಕು. ಶುಲ್ಕ ಚಿತ್ರದ ಅವಧಿಯ ಮೇಲೆ ನಿಂತಿದೆ. ಸಂಭಾಷಣೆಯ ಪ್ರತಿ ಎಂದರೆ ಚಿತ್ರೀಕರಣಕ್ಕೆ ಬಳಸಿದ ಪ್ರತಿಯಲ್ಲ, ಡಬ್ಬಿಂಗ್‌ನಲ್ಲಿ ನಟರು ನಿಜವಾಗಿ ಆಡಿದ ಮಾತು. ನಮ್ಮ ಮಂತ್ರವಾದಿ ಪಾತ್ರಧಾರಿ ಡಬ್ಬಿಂಗ್‌ನಲ್ಲಿ ಹುರುಪಿನಿಂದ ತನ್ನದೇ ಮಂತ್ರಗಳನ್ನು ಸೇರಿಸಿಬಿಟ್ಟಿದ್ದರು. ಅದನ್ನೆಲ್ಲ ಕೇಳಿ ಕೇಳಿ ಬರೆದುಕೊಳ್ಳಲು ಒಬ್ಬ ಸಹಾಯಕ ನಿರ್ದೇಶಕನ ವಾರಗಳು ಹೋದವು. ಹ್ರಾಂ, ಹ್ರೀಂಗಳ ನಡುವೆ ಒಂದು ಕಡೆ ಹೋಟೆಲಿನ ಮೆನು ಕೂಡ ಇತ್ತು.

ಎಲ್ಲ ತುಂಬಿ, ಸಲ್ಲಿಸುವ ಗುಂಡಿ ಒತ್ತುವುದೊಂದೇ ಬಾಕಿ ಇದ್ದಾಗ ಮಾವನ ಫೋನ್ ಬಂತು. ಶುಕ್ರವಾರ, ಹತ್ತೂವರೆ ದಾಟಿತ್ತು. "ಹನ್ನೆರಡರವರೆಗೆ ರಾಹುಕಾಲ, ಮುಟ್ಟಬೇಡ" ಎಂದರು. ಮೂಢನಂಬಿಕೆಯ ವಿರುದ್ಧದ ಚಿತ್ರದ ಅರ್ಜಿಯನ್ನು ತೆರೆಯ ಮೇಲೆ ಇಟ್ಟುಕೊಂಡು ನಾವೆಲ್ಲ ಹನ್ನೆರಡು ಹೊಡೆಯುವವರೆಗೆ ಚಹಾ ಕುಡಿಯುತ್ತಾ ಕುಳಿತೆವು. ಹಣ ಹಾಕಿದವರ ಮಾತು.

ತೆಲುಗಿಗೂ ಡಬ್ ಮಾಡುತ್ತಿದ್ದುದರಿಂದ ಇನ್ನೊಂದು ಕೆಲಸವೂ ಇತ್ತು. ದೃಷ್ಟಿದೋಷ ಮತ್ತು ಶ್ರವಣದೋಷ ಇರುವ ಪ್ರೇಕ್ಷಕರಿಗಾಗಿ ವಿವರಣೆಯ ಧ್ವನಿ, ಶೀರ್ಷಿಕೆ ಸಾಲುಗಳು ಇರಬೇಕೆಂದು 2024ರ ಮಾರ್ಗಸೂಚಿ ಹೇಳುತ್ತದೆ. ಒಂದಕ್ಕಿಂತ ಹೆಚ್ಚು ಭಾಷೆಯ ಚಿತ್ರಗಳಿಗೆ ಅದು ಮೊದಲು ಅನ್ವಯವಾಯಿತು. ಬೇಸರದಿಂದಲೇ ಶುರು ಮಾಡಿದ ಈ ಕೆಲಸ ನನಗೆ ಬಹಳ ಹಿಡಿಸಿತು. ಕಣ್ಣಿದ್ದವನಿಗೆ ಮೂಲೆಯಲ್ಲಿ ಏನೋ ಸರಿದಂತೆ ಅನಿಸುತ್ತದೆ, ಖಾತ್ರಿ ಇರುವುದಿಲ್ಲ. ಅದನ್ನು ಮಾತಿನಲ್ಲಿ ಹೇಳುವುದು ಹೇಗೆ? "ಕಂಬದ ಹಿಂದೆ ಮಗುವಿನ ದೆವ್ವ ನಿಂತಿದೆ" ಎಂದರೆ ಆಟ ಅಲ್ಲಿಗೇ ಮುಗಿಯಿತು. "ಕಂಬದ ಹಿಂದಿನ ಕತ್ತಲು ತುಸು ಅಲುಗಿತು" ಎಂದು ಬರೆದೆವು. ಕೇಳಿ ಪರೀಕ್ಷಿಸಲು ಬಂದಿದ್ದ ಅಂಧ ಶಿಕ್ಷಕರೊಬ್ಬರು ಆ ಸಾಲಿಗೆ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಇಡೀ ಚಿತ್ರದಲ್ಲಿ ನನಗೆ ಸಿಕ್ಕ ಮೊದಲ ವಿಮರ್ಶೆ ಅದು.

ಅರ್ಜಿ ಪರಿಶೀಲನೆಯಾಗಿ ದಿನಾಂಕ ಬರುವವರೆಗಿನ ಕಾಯುವಿಕೆ ಕೆಟ್ಟದ್ದು. ಮೊಬೈಲ್ ಗುಂಯ್ ಎಂದರೆ ಸಾಕು ಎದೆ ಹಾರುತ್ತಿತ್ತು. ನೋಡಿದರೆ ಸಾಲ ಬೇಕೇ ಎನ್ನುವ ಸಂದೇಶ. ಬೇಕಾಗಿತ್ತು ಕೂಡ. ಈ ಅವಧಿಯಲ್ಲಿ ಬಿಡುಗಡೆಯ ದಿನಾಂಕ ಪ್ರಕಟಿಸಬೇಡಿ. ಮಾವ ಗಿರಣಿಗೆ ಬಂದ ರೈತರಿಗೆಲ್ಲ ದಿನಾಂಕ ಹೇಳಿಬಿಟ್ಟಿದ್ದರು. ಆ ದಿನ ಬಂತು, ಹೋಯಿತು.

ಪ್ರಿವ್ಯೂ ಥಿಯೇಟರ್‌ನ ಬಾಡಿಗೆ ನಮ್ಮದೇ. ಡಿಸಿಪಿ (ಥಿಯೇಟರ್‌ನಲ್ಲಿ ಓಡಿಸುವ ಡಿಜಿಟಲ್ ಪ್ರತಿ), ಅದನ್ನು ತೆರೆಯುವ ಕೀಲಿ ಕಡತ ಎಲ್ಲವನ್ನೂ ಹಿಂದಿನ ದಿನವೇ ಹಾಕಿ ಪರೀಕ್ಷಿಸಿಕೊಳ್ಳಿ. ನಮ್ಮ ಪ್ರತಿಯನ್ನು ಮಾಡಿಕೊಟ್ಟ ಸ್ಟುಡಿಯೊ ಇಂಗ್ಲಿಷ್ ಉಪಶೀರ್ಷಿಕೆಗಳನ್ನು ಅರ್ಧ ನಿಮಿಷ ತಡವಾಗಿ ಕೂರಿಸಿತ್ತು. ಹಿಂದಿನ ಸಂಜೆ ಅದು ಕಣ್ಣಿಗೆ ಬಿದ್ದುದರಿಂದ ರಾತ್ರಿಯೆಲ್ಲ ಕುಳಿತು ಹೊಸ ಪ್ರತಿ ಮಾಡಿಸಿದೆವು.

ಚಿತ್ರ ನೋಡುವುದು ಪರಿಶೀಲನಾ ಸಮಿತಿ. ಸಲಹಾ ಮಂಡಳಿಯ ಸದಸ್ಯರು, ಜೊತೆಗೆ ಒಬ್ಬ ಅಧಿಕಾರಿ. ಮಹಿಳಾ ಸದಸ್ಯರೂ ಇರುತ್ತಾರೆ. ನಮಗೆ ಒಳಗೆ ಪ್ರವೇಶವಿಲ್ಲ. ಹೊರಗೆ ಬೆಂಚಿನ ಮೇಲೆ ನಾನು, ಮಾವ, ಸಂಕಲನಕಾರರು. ಮಾವನ ಅಂಗಿಯ ಜೇಬು ಉಬ್ಬಿತ್ತು. ಕೇಳಿದರೆ ಹುಲಿಗೆಮ್ಮನ ಗುಡಿಯಿಂದ ತಂದ ನಿಂಬೆಹಣ್ಣು. ಬಾಗಿಲಿನಿಂದ ಸೋರಿ ಬರುವ ಶಬ್ದ ಕೇಳಿ ಚಿತ್ರ ಎಲ್ಲಿಗೆ ಬಂತು ಎಂದು ಲೆಕ್ಕ ಹಾಕುತ್ತಿದ್ದೆ. ಇದು ಅಂಜನದ ದೃಶ್ಯ, ಇದು ಕ್ವಾರಿಯ ಸ್ಫೋಟ. ಮಂತ್ರವಾದಿ ಓಡುವಾಗ ಒಳಗಿನಿಂದ ನಗು ಕೇಳಿಸಿತು. ಆ ನಗು ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ. ಬಲಿಯ ದೃಶ್ಯದಲ್ಲಿ ಒಳಗೆ ಸದ್ದೇ ಇರಲಿಲ್ಲ. ಮಾವ ನಿಂಬೆಹಣ್ಣನ್ನು ಜೇಬಿನಿಂದ ಅಂಗೈಗೆ ತೆಗೆದುಕೊಂಡರು.

ಚಿತ್ರ ಮುಗಿದ ಮೇಲೂ ಕಾಯಬೇಕು. ಸದಸ್ಯರು ಒಬ್ಬೊಬ್ಬರೂ ತಮ್ಮ ಅಭಿಪ್ರಾಯ ಬರೆಯುತ್ತಾರೆ, ಆಮೇಲೆ ಕರೆಯುತ್ತಾರೆ. ಒಳಗೆ ಹೋದಾಗ ನನ್ನ ಬಾಯಿ ಒಣಗಿತ್ತು. ನಾನು ಸಿದ್ಧ ಮಾಡಿಕೊಂಡು ಹೋಗಿದ್ದ ಕಲೆ, ಅಭಿವ್ಯಕ್ತಿಯ ಭಾಷಣವನ್ನು ಯಾರೂ ಕೇಳಲಿಲ್ಲ. ಒಬ್ಬ ಮಹಿಳಾ ಸದಸ್ಯರು ಕೇಳಿದ ಮೊದಲ ಪ್ರಶ್ನೆ: "ಆ ಹುಡುಗಿ ಈ ಚಿತ್ರವನ್ನು ನೋಡಿದ್ದಾಳೆಯೇ?" ಇಲ್ಲ ಎಂದೆ. ಚಿತ್ರೀಕರಿಸಿದ ಬಗೆಯನ್ನು ವಿವರಿಸಿದೆ. ಜಿಲ್ಲಾಧಿಕಾರಿಯ ಅನುಮತಿ, ಠೇವಣಿಯ ರಸೀದಿ ಕಡತದಲ್ಲೇ ಇದ್ದವು. ಅವರು ತಲೆಯಾಡಿಸಿದರು.

ಸಮಿತಿಯ ಅಭಿಪ್ರಾಯ ಹೀಗಿತ್ತು: ಈಗಿರುವ ರೂಪದಲ್ಲಿ "ಎ", ಅಂದರೆ ವಯಸ್ಕರಿಗೆ ಮಾತ್ರ. ಬಲಿಯ ದೃಶ್ಯದ ರಕ್ತವನ್ನು ಅರ್ಧಕ್ಕೆ ಇಳಿಸಿದರೆ ಯುಎ 16+. ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ಕೆಲವು ಬದಲಾವಣೆ ಮಾಡಲೇಬೇಕು. ಒಂದು ಮಂತ್ರದಲ್ಲಿ ನಿಜವಾದ ದೇವತೆಯ ಹೆಸರು ಬರುತ್ತದೆ, ತೆಗೆಯಬೇಕು. ನಟರು ಡಬ್ಬಿಂಗ್‌ನಲ್ಲಿ ಸೇರಿಸಿದ್ದೇ ಅದು. ಒಂದು ಸಮುದಾಯವನ್ನು ಮಾಟಗಾರರು ಎನ್ನುವ ಮಾತು ಹೋಗಬೇಕು. ಅಂಜನ ತಯಾರಿಸುವ ವಿಧಾನವನ್ನು ಹತ್ತಿರದಿಂದ ತೋರಿಸಿದ ಶಾಟ್‌ಗಳನ್ನು ಚಿಕ್ಕದು ಮಾಡಬೇಕು. ಎರಡು ಬೈಗುಳಗಳಿಗೆ ಮ್ಯೂಟ್. ವಾಮಾಚಾರವನ್ನು ಚಿತ್ರ ಬೆಂಬಲಿಸುವುದಿಲ್ಲ ಎಂಬ ಘೋಷಣೆ ಓದಲು ಸಾಕಾಗುವಷ್ಟು ಹೊತ್ತು, ಧ್ವನಿಯೊಂದಿಗೆ, ಕನ್ನಡದಲ್ಲಿ ಬರಬೇಕು. 1991ರ ಮಾರ್ಗಸೂಚಿಯಲ್ಲಿ ಅನಗತ್ಯ ಹಿಂಸೆ, ಕ್ರೌರ್ಯ, ಭೀಕರತೆಯ ದೃಶ್ಯಗಳ ಬಗ್ಗೆ ಒಂದು ಅಂಶವಿದೆ. ದೆವ್ವದ ಚಿತ್ರ ಮಾಡುವವರು ಅದನ್ನು ಗೋಡೆಗೆ ಅಂಟಿಸಿಕೊಳ್ಳಬಹುದು. ಚರ್ಚೆಯೆಲ್ಲ "ಅನಗತ್ಯ" ಯಾವುದು ಎಂಬುದರ ಸುತ್ತಲೇ ನಡೆಯುತ್ತದೆ.

ಹೊಸಬರಿಗೆ ವರ್ಗಗಳ ಬಗ್ಗೆ ಎರಡು ಮಾತು. 2023ರ ತಿದ್ದುಪಡಿಯ ನಂತರ ಯುಎ ವರ್ಗ 7+, 13+, 16+ ಎಂದು ಮೂರಾಗಿದೆ. ಆ ವಯಸ್ಸು ಪೋಷಕರಿಗೆ ಕೊಟ್ಟ ಸೂಚನೆ, ಚಿತ್ರಮಂದಿರದವರು ಬಾಗಿಲಲ್ಲಿ ತಡೆಯುವುದಿಲ್ಲ. "ಎ" ಹಾಗಲ್ಲ, 18 ತುಂಬದವರಿಗೆ ಪ್ರವೇಶವೇ ಇಲ್ಲ. ಟಿವಿಯಲ್ಲೂ ಆ ರೂಪದಲ್ಲಿ ತೋರಿಸುವಂತಿಲ್ಲ, ಬದಲಾವಣೆ ಮಾಡಿ ಟಿವಿಗೆಂದೇ ಬೇರೆ ಪ್ರಮಾಣಪತ್ರ ಪಡೆಯಬೇಕು. ಸಮಿತಿಯ ತೀರ್ಮಾನ ಒಪ್ಪದಿದ್ದರೆ ರಿವೈಸಿಂಗ್ ಕಮಿಟಿ ಇದೆ. ಅದರ ಮೇಲೆ ಮೇಲ್ಮನವಿ ನ್ಯಾಯಮಂಡಳಿ ಇತ್ತು, 2021ರಲ್ಲಿ ಅದು ರದ್ದಾಯಿತು. ಈಗ ಹೈಕೋರ್ಟ್‌ಗೇ ಹೋಗಬೇಕು. ನಮ್ಮಂಥ ಸಣ್ಣ ಚಿತ್ರಕ್ಕೆ ಆ ದಾರಿಯ ಖರ್ಚು ಚಿತ್ರದ ಖರ್ಚನ್ನು ಮೀರಿಸುತ್ತದೆ.

ಅಂದು ರಾತ್ರಿ ಮಾವನಿಗೂ ನನಗೂ ಜಗಳವಾಯಿತು. ನನಗೆ "ಎ" ಸಾಕಿತ್ತು. ಆ ರಕ್ತವಿಲ್ಲದೆ ಮಾಲೀಕನ ಪಾಪದ ತೂಕ ಗೊತ್ತಾಗುವುದಿಲ್ಲ ಎಂದು ವಾದಿಸಿದೆ. ಮಾವ ಕೇಳಿಸಿಕೊಂಡು, "ಟಿವಿ ಹಕ್ಕು ಎಷ್ಟಕ್ಕೆ ಹೋಗುತ್ತದೆ?" ಎಂದರು. ಅಂದಾಜು ಹೇಳಿದೆ. "ಅಳಿಯಾ, ನಿನ್ನ ಸಿನಿಮಾದಲ್ಲಿ ದುಡ್ಡಿಗಾಗಿ ಮಗುವನ್ನು ಕಡಿಯುವವನಿಗೆ ಕೊನೆಗೆ ಏನಾಗುತ್ತದೆ ಎಂದು ನನಗೆ ಗೊತ್ತು. ನಾನು ಕಡಿಯಬೇಡ ಎನ್ನುತ್ತಿದ್ದೇನೆ, ಅದೂ ದುಡ್ಡಿಗಾಗಿಯೇ" ಎಂದರು. ಇಬ್ಬರಿಗೂ ನಗು ಬಂತು. ಯುಎಗೆ ಒಪ್ಪಿದೆವು.

ಮರುಸಂಕಲನ ಎಂದರೆ ಎರಡು ಶಾಟ್ ಕಿತ್ತು ಬಿಸಾಡುವ ಕೆಲಸವಲ್ಲ. ಒಂದು ಕಡೆ ಕತ್ತರಿಸಿದರೆ ಸಂಗೀತ ಜಾರುತ್ತದೆ, ಧ್ವನಿಮಿಶ್ರಣ ಮತ್ತೆ, ಉಪಶೀರ್ಷಿಕೆ ಮತ್ತೆ, ವಿವರಣೆಯ ಧ್ವನಿ ಮತ್ತೆ, ಡಿಸಿಪಿ ಮತ್ತೆ. ಬಜೆಟ್‌ನಲ್ಲಿ ಇದಕ್ಕೆಂದು ಒಂದು ಮೊತ್ತ ತೆಗೆದಿಡದವರು ಇಲ್ಲಿ ಬಡ್ಡಿಗೆ ಸಾಲ ಮಾಡುತ್ತಾರೆ, ನಾವೂ ಮಾಡಿದೆವು. ಬಲಿಯ ದೃಶ್ಯದಲ್ಲಿ ರಕ್ತವನ್ನು ಕಡಿಮೆ ಮಾಡಿ, ಮಾಲೀಕನ ಮುಖದ ಮೇಲೆ ಹೆಚ್ಚು ಹೊತ್ತು ನಿಂತೆವು. ಈಗ ದೃಶ್ಯ ಮೊದಲಿಗಿಂತ ಚೆನ್ನಾಗಿದೆ ಎಂದು ಸಂಕಲನಕಾರರ ಅಭಿಪ್ರಾಯ. ನನಗೆ ಹಳೆಯದೇ ಇಷ್ಟ. ದೇವತೆಯ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಶಬ್ದಗಳನ್ನು ಹಾಕಬೇಕಾಯಿತು. ತುಟಿಚಲನೆಗೆ ಹೊಂದುವಂತೆ ಬರೆದುಕೊಟ್ಟವರು ನಮ್ಮ ಚಹಾ ತರುವ ಹುಡುಗ.

ಕತ್ತರಿಸಿದ ಭಾಗಗಳನ್ನು ಸಲ್ಲಿಸಿ, ಬದಲಾದ ಪ್ರತಿಯನ್ನು ಅವರು ಪರಿಶೀಲಿಸಿದ ಮೇಲೆ ಪ್ರಮಾಣಪತ್ರ ಬಂತು. ಮೊದಲು ಇದಕ್ಕೆ ಹತ್ತು ವರ್ಷದ ಮಿತಿ ಇತ್ತು, ಈಗ ಶಾಶ್ವತ. ಮಾವ ಅದನ್ನು ಲ್ಯಾಮಿನೇಟ್ ಮಾಡಿಸಿ ಗಿರಣಿಯ ಗಲ್ಲಾಪೆಟ್ಟಿಗೆಯ ಮೇಲೆ, ಲಕ್ಷ್ಮಿಯ ಪಟದ ಪಕ್ಕ ತೂಗುಹಾಕಿದ್ದಾರೆ.

ತೆಲುಗು ರೂಪಕ್ಕೆ ಬೇರೆ ಅರ್ಜಿ, ಬೇರೆ ಪ್ರಮಾಣಪತ್ರ. ಚಿತ್ರಮಂದಿರದಲ್ಲಿ ತೋರಿಸುವ ಟ್ರೈಲರ್‌ಗೂ ಪ್ರತ್ಯೇಕ. ಪ್ರಮಾಣಪತ್ರ ಬಂದ ಮೇಲೆ ಚಿತ್ರದಲ್ಲಿ ಏನನ್ನೇ ಸೇರಿಸಿದರೂ ತೆಗೆದರೂ ಸೆನ್ಸಾರ್ ಮಂಡಳಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು. ಮಾವನಿಗೆ ಈ ನಿಯಮ ಇನ್ನೂ ಪೂರ್ತಿ ಮನವರಿಕೆಯಾಗಿಲ್ಲ. ಶುರುವಿನಲ್ಲಿ "ಕೃತಜ್ಞತೆಗಳು" ಎಂಬಲ್ಲಿ ತಮ್ಮ ಗಿರಣಿಯ ಹೆಸರಿನ ಕೆಳಗೆ "ಸೋನಾಮಸೂರಿ ಅಕ್ಕಿ ಸಗಟು ದರದಲ್ಲಿ ದೊರೆಯುತ್ತದೆ" ಎಂಬ ಒಂದು ಸಾಲು ಸೇರಿಸಬೇಕಂತೆ. ಮತ್ತೆ ಅರ್ಜಿ, ಮತ್ತೆ ಡಿಸಿಪಿ ಎಂದು ಖರ್ಚಿನ ಪಟ್ಟಿ ಬರೆದುಕೊಟ್ಟೆ. ನೋಡಿ, ಸದ್ಯಕ್ಕೆ ಪೋಸ್ಟರ್‌ನಲ್ಲಿ ಹಾಕಿದರೆ ಸಾಕು ಎಂದಿದ್ದಾರೆ.